ಸದಸ್ಯ ಸಂಖ್ಯೆ ೪೧೭

ಗೋಣಿಕೊಪ್ಪದ ಲೈಬ್ರರಿ ಮಹಡಿಯ ಮೇಲೆ,
ಕೆಳಗೆ ಹಂದಿಮಾಂಸದ ಅಂಗಡಿ. ಭಾನುವಾರ
ಕತ್ತಿಯ ಏಟಿಗೆ ಕಪಾಟಿನ ಗಾಜು ಸಣ್ಣಗೆ ನಡುಗುತ್ತದೆ.
ವಿಜ್ಞಾನ ಕಾದಂಬರಿಗಳು ಕೊನೆಯ ಸಾಲಿನಲ್ಲಿ,
ಜೇನು ಸಾಕಣೆಗೂ ಜ್ಯೋತಿಷ್ಯಕ್ಕೂ ನಡುವೆ.

ನಾನು ಸ್ಪ್ರಿಂಕ್ಲರ್ ಪಂಪು ರಿಪೇರಿ ಮಾಡುವವನು.
ಕಾಫಿ ಹೂವಿಗೆ ನೀರು ಕೊಡುವ ಫೆಬ್ರವರಿ, ಮಾರ್ಚು
ನನಗೆ ನಿದ್ದೆಯಿಲ್ಲ.
ಕೆರೆ ದಡದಲ್ಲಿ ಎಂಜಿನ್ ಕಾಯುತ್ತಾ, ತಲೆಗೆ ಟಾರ್ಚು ಕಟ್ಟಿ
ಓದುತ್ತೇನೆ: ಶನಿಯ ಉಂಗುರ, ಹೆಪ್ಪುಗಟ್ಟಿದ ಸಮುದ್ರ,
ನೂರು ವರ್ಷ ಮಲಗಿ ಏಳುವ ಯಾತ್ರಿಕರು.

ಹುಡುಕುತ್ತಿದ್ದದ್ದು ಏನೆಂದು ದೇಚಮ್ಮನವರಿಗೆ ಹೇಳಿರಲಿಲ್ಲ.
"ರಾಕೆಟ್ಟಿನದು ಇರಲಿ" ಎಂದಿದ್ದೆ, "ಆದರೆ ಒಳ್ಳೆಯದು."
ಒಳ್ಳೆಯದು ಅಂದರೆ:
ಒತ್ತಡದ ಲೆಕ್ಕ ಸರಿ ಇರಬೇಕು, ವಾಲ್ವು ತಪ್ಪು ದಿಕ್ಕಿಗೆ ತಿರುಗಬಾರದು,
ಇಬ್ಬರು ಗಂಡಸರು ಫಿಲ್ಟರ್ ತೊಳೆಯುವ ಸರದಿ ಯಾರದೆಂದು
ಜಗಳವಾಡಿ, ಮುನಿಸಿಕೊಂಡು,
ರಾತ್ರಿ ಒಂದೇ ಕಂಬಳಿಯಲ್ಲಿ ಮಲಗಬೇಕು.
ಮರುದಿನ ಇಬ್ಬರೂ ಬದುಕಿರಬೇಕು.

ಅಷ್ಟೇ. ಅದೇ ಸಿಗಲಿಲ್ಲ.

ಒಂದರಲ್ಲಿ ಇಬ್ಬರು ಹನ್ನೆರಡು ವರ್ಷ ಒಂದೇ ನೌಕೆಯಲ್ಲಿದ್ದರು,
"ಒಡಹುಟ್ಟಿದವರಂತೆ" ಎಂದು ಪುಟಕ್ಕೊಮ್ಮೆ ಬರೆದಿತ್ತು,
ಯಾರೋ ಕೇಳಿದ ಹಾಗೆ.
ಒಂದರಲ್ಲಿ ಏಳು ಕಾಲಿನ, ಗಂಡೂ ಹೆಣ್ಣೂ ಅಲ್ಲದ ಲೋಳೆಜೀವಿ;
ಅದಕ್ಕೂ ಕೊನೆಗೊಂದು ಮದುವೆ, ಸೀರೆಯುಟ್ಟ ಹುಡುಗಿಯೊಂದಿಗೆ.
ಇನ್ನೊಂದರಲ್ಲಿ ಇಬ್ಬರು ಹೆಂಗಸರು ಮುತ್ತಿಟ್ಟರು, ನಿಜಕ್ಕೂ.
ಹಾಳೆ ಮಗುಚಿದೆ. ಆಮ್ಲಜನಕ ಮುಗಿದಿತ್ತು.
ಈ ಆಮ್ಲಜನಕ ಯಾವಾಗಲೂ ನಮ್ಮ ಸಿಲಿಂಡರಿನಲ್ಲೇ ಮುಗಿಯುತ್ತದೆ.

ಹೋದ ತಿಂಗಳು ಸಿಕ್ಕಿದ್ದು ರಟ್ಟು ಹರಿದ ಪುಸ್ತಕ,
ಹೆಸರಿಲ್ಲ, ಮೊದಲ ಹದಿನಾರು ಪುಟವಿಲ್ಲ.
ಹದಿನೇಳರಲ್ಲಿ ಎಂಜಿನಿಯರ್ ಶಶಿ ಏಣಿ ಇಳಿದು ಬಂದಳು.
ಅಲ್ಲ. ಬಂದನು.
'ಳು'ವಿನ ಮೇಲೆ ಪೆನ್ಸಿಲ್ಲಿನಲ್ಲಿ, ಪುಟ್ಟದಾಗಿ, 'ನು'.
ನಕ್ಕನು. ಹೆಲ್ಮೆಟ್ಟು ಬಿಚ್ಚಿದನು.
ಕ್ಯಾಪ್ಟನ್ನನ ಭುಜಕ್ಕೆ ತಲೆಯಿಟ್ಟನು.
ಸಾಲು ಸಾಲಿಗೂ, ಪುಟ ಪುಟಕ್ಕೂ,
ಕಳೆ ಕೀಳುವವರ ತಾಳ್ಮೆಯಲ್ಲಿ,
ಬಳೆಯಿದ್ದ ಕಡೆ ಕೈಗಡಿಯಾರ ಕೂಡ.

ಹಿಂದಿನ ಚೀಟಿಯಲ್ಲಿ ಒಂದೇ ಮೊಹರು: ೧೯೯೮ರ ಮಾರ್ಚ್,
ಸದಸ್ಯ ಸಂಖ್ಯೆ ೪೧೭.
ಆ ವರ್ಷದ ರಿಜಿಸ್ಟರು ಗೆದ್ದಲು ತಿಂದಿದೆಯಂತೆ.
ಆಗ ನನಗೆ ಆರು ವರ್ಷ.
ಬಸ್‌ಸ್ಟ್ಯಾಂಡಿನಲ್ಲಿ ಐಸ್‌ಕ್ಯಾಂಡಿಗೆ ಅತ್ತಿರಬಹುದು,
ಪಕ್ಕದಲ್ಲೇ ೪೧೭ ನಿಂತಿದ್ದಿರಬಹುದು, ಕಿವಿಯ ಹಿಂದೆ ಪೆನ್ಸಿಲ್.

ನೂರಾ ನಲವತ್ತನೇ ಪುಟಕ್ಕೆ ತಿದ್ದುವುದು ನಿಂತಿದೆ.
ಸೀಸ ಮುರಿಯಿತೋ, ವರ್ಗವಾಯಿತೋ, ಮದುವೆಯಾಯಿತೋ.
ಉಳಿದ ಎಪ್ಪತ್ತು ಪುಟ ನಾನು ತಿದ್ದಿದೆ,
ಪೈಪಿಗೆ ಗುರುತು ಹಾಕುವ ಚಪ್ಪಟೆ ಪೆನ್ಸಿಲ್ಲಿನಲ್ಲಿ.
ಕತ್ತಲಲ್ಲಿ ನೀರಿನ ಬಿಲ್ಲು ಸುತ್ತು ಹಾಕುತ್ತಿತ್ತು,
ಟಿಕ್ ಟಿಕ್ ಟಿಕ್.

ವಾಪಸು ಕೊಟ್ಟಾಗ ದೇಚಮ್ಮ ಹಾಳೆ ಸರಿಸಿ ನೋಡಿದರು.
ದಂಡ ಹಾಕುತ್ತಾರೆಂದುಕೊಂಡೆ.
"ನಮ್ಮ ಕೊಡವ ತಕ್ಕಿನಲ್ಲಿ ಅವನು ಬಂದರೂ 'ಬಾತ್',
ಅವಳು ಬಂದರೂ 'ಬಾತ್'.
ಇಷ್ಟು ಸೀಸ ಖರ್ಚಾಗುತ್ತಿರಲಿಲ್ಲ" ಎಂದರು,
ಇನ್ನೂ ಹದಿನೈದು ದಿನಕ್ಕೆ ಮೊಹರು ಒತ್ತಿ
ಪುಸ್ತಕವನ್ನು ನನ್ನ ಕಡೆಗೇ ತಳ್ಳಿದರು.

ಒಂದು ಕಡೆ ೪೧೭ ಭರದಲ್ಲಿ ಎಡವಿದ್ದನು, ಇಲ್ಲವೇ ಎಡವಿದ್ದಳು,
ನನಗೂ ಈಗ ಆ 'ಬಾತ್' ಇದ್ದಿದ್ದರೆ ಅನುಕೂಲವಿತ್ತು.
ಭೂಮಿಯಿಂದ ಶಶಿಯ ತಾಯಿ ಮಾತಾಡುವಲ್ಲಿ
ಆಕೆಯನ್ನೂ 'ಕೇಳಿದನು' ಮಾಡಿಬಿಟ್ಟಿತ್ತು ಕೈ.
ಅದೊಂದನ್ನು ಮಾತ್ರ ರಬ್ಬರಿನಿಂದ ಉಜ್ಜಿದೆ.
ಮೂರು ಗಂಟೆ ತಡವಾಗಿ ತಲುಪುವ ದನಿಯಲ್ಲಿ
ಶಶಿಯ ತಾಯಿ ಕೇಳಿದಳು:
"ಊಟ ಆಯಿತಾ, ಇಬ್ಬರದೂ?"